ಗೋಡೌನ್ ಕಾಯುವವರ ಸಂಬಳ ನನ್ನ ತಲೆಗೆ ಬರುತ್ತದಾ?

ಜೋಳದ ವ್ಯಾಪಾರಿ, ದಾವಣಗೆರೆ: ಎಪಿಎಂಸಿ ಹತ್ತಿರ ನಮ್ಮದು ಮೆಕ್ಕೆಜೋಳದ ಗೋಡೌನ್. ರಾತ್ರಿ ಕಾಯೋಕೆ ಏಜೆನ್ಸಿಯಿಂದ ಇಬ್ಬರನ್ನು ಇಟ್ಟಿದ್ದೇನೆ. ಏಜೆನ್ಸಿಗೆ ಬಿಲ್ ತಪ್ಪದೆ ಕಟ್ಟಿದ್ದೇನೆ. ಆದರೂ ಎರಡು ತಿಂಗಳಿಂದ ಸಂಬಳ ಬಂದಿಲ್ಲ ಅಂತ ಹುಡುಗರು ನನ್ನ ಮುಂದೆ ನಿಂತಿದ್ದಾರೆ. ಇದು ನನ್ನ ತಪ್ಪಾ?

ಬಂಕ್ ಮಾಲೀಕ, ಚಿತ್ರದುರ್ಗ: ತಪ್ಪು ಯಾರದೇ ಇರಲಿ ಅಣ್ಣಾ, ಏಜೆನ್ಸಿ ಕೈ ಎತ್ತಿದರೆ ಸಂಬಳದ ಹೊಣೆ ಕೆಲಸ ಮಾಡಿಸಿಕೊಂಡವರ ಮೇಲೇ ಬರುತ್ತದೆ. ನಾನೂ ಒಮ್ಮೆ ಹೀಗೇ ಸಿಕ್ಕಿಬಿದ್ದಿದ್ದೆ. ಈಗ ಹಿಂದಿನ ತಿಂಗಳ ಸಂಬಳ, ಪಿಎಫ್, ಇಎಸ್‌ಐ ಕಟ್ಟಿದ ಚಲನ್ ತೋರಿಸದೆ ಬಿಲ್ ಪಾಸ್ ಮಾಡಲ್ಲ. ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ.

ಏಜೆನ್ಸಿಯ ಲೈಸೆನ್ಸ್ ನೋಡಿದ್ದೀರಾ? ಖಾಸಗಿ ಭದ್ರತಾ ಏಜೆನ್ಸಿಗಳ 2005ರ ಕಾಯ್ದೆ ಪ್ರಕಾರ ಅದು ಬೇಕೇ ಬೇಕು, ಅವಧಿ 5 ವರ್ಷ. ಗಾರ್ಡ್‌ಗೆ 18 ತುಂಬಿರಬೇಕು, 65 ತುಂಬಿರಬಾರದು. ಪೊಲೀಸ್ ಪರಿಶೀಲನೆ, ತರಬೇತಿ ಎರಡೂ ಆಗಿರಬೇಕು.

ಜೋಳದ ವ್ಯಾಪಾರಿ: ಲೈಸೆನ್ಸ್ ಜೆರಾಕ್ಸ್ ಈಗ ತೆಗೆದು ನೋಡಿದೆ ಸರ್. ಅವಧಿ ಮುಗಿದು ಏಳು ತಿಂಗಳಾಗಿದೆ! ಸುಮ್ನೆ ಫೈಲಲ್ಲಿ ಇಟ್ಟಿದ್ದೆ.

ಬಂಕ್ ಮಾಲೀಕ: ಹಾಗಾದರೆ ಏಜೆನ್ಸಿಗೆ ಇವತ್ತೇ ಲಿಖಿತ ನೋಟಿಸ್ ಕೊಡಿ. ಹುಡುಗರಿಗೆ ಬ್ಯಾಂಕ್ ಮೂಲಕವೇ ಹಣ ಹಾಕಿ, ಅದನ್ನು ಏಜೆನ್ಸಿಗೆ ಮುಂದೆ ಕೊಡಬೇಕಾದ ಬಿಲ್ಲಿನಲ್ಲಿ ಮುರಿದುಕೊಳ್ಳಿ.