ಸಹಾಯ ಬೇಕು: ಮುಕ್ತ ಓದುಸಾಮಗ್ರಿಯಲ್ಲಿ ಹಳೆಯ ಅನುವಾದಗಳ ತಲೆನೋವು

ನಮಸ್ಕಾರ. ಪದವಿ ಮೊದಲ ವರ್ಷಕ್ಕೆ ಪ್ರಾಚೀನ ಇತಿಹಾಸ ಪಾಠ ಮಾಡುತ್ತೇನೆ. ಈ ಸಲ ದುಬಾರಿ ಪಠ್ಯಪುಸ್ತಕ ಬಿಟ್ಟು, ಫೋರ್ಡಮ್ ವಿಶ್ವವಿದ್ಯಾಲಯದ ಇಂಟರ್ನೆಟ್ ಹಿಸ್ಟರಿ ಸೋರ್ಸ್‌ಬುಕ್ಸ್, ಯೇಲ್‌ನ ಅವಲಾನ್ ಪ್ರಾಜೆಕ್ಟ್ ಎಂಬ ಉಚಿತ ಅಂತರ್ಜಾಲ ಸಂಗ್ರಹಗಳಿಂದಲೇ ಮೂಲ ದಾಖಲೆಗಳನ್ನು ಓದಿಸುತ್ತಿದ್ದೇನೆ. ಹುಡುಗರಿಗೆ ಖುಷಿ, ಪಾಡು ನನ್ನದು!

ಪ್ರಾಚೀನ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಕಾನೂನು ಶಾಸನದ 198ನೇ ನಿಯಮ ನೋಡಿ. ಒಂದು ದರ್ಜೆ ಕೆಳಗಿನವನ ಕಣ್ಣು ಕಿತ್ತರೆ ದಂಡ ಕಟ್ಟಬೇಕು. ಎಲ್.ಡಬ್ಲ್ಯು. ಕಿಂಗ್ ಅನುವಾದದಲ್ಲಿ ಒಂದು ಮಿನಾ (ಆ ಕಾಲದ ತೂಕದ ಅಳತೆ) 'ಚಿನ್ನ' ಅಂತಿದೆ, 1904ರ ಹಾರ್ಪರ್ ಅನುವಾದದಲ್ಲಿ 'ಬೆಳ್ಳಿ'. ಒಬ್ಬ ವಿದ್ಯಾರ್ಥಿನಿ ಎರಡನ್ನೂ ಪಕ್ಕಪಕ್ಕ ಇಟ್ಟು "ಯಾವುದು ಸರಿ ಸರ್?" ಅಂದಳು. ಬೆಳ್ಳಿಯೇ ಸರಿ ಅಂದೆ, ಆದರೆ ಇಡೀ ತರಗತಿ ಅದರಲ್ಲೇ ಮುಗಿಯಿತು. (ನಿಜ ಹೇಳಬೇಕೆಂದರೆ, ಆ ವರ್ಷದ ಅತ್ಯುತ್ತಮ ತರಗತಿ ಅದೇ.)

ಹಕ್ಕುಸ್ವಾಮ್ಯ ಮುಗಿದದ್ದೇ ಉಚಿತವಾಗಿ ಸಿಗುವುದರಿಂದ ಶತಮಾನದಷ್ಟು ಹಳೆಯ ಅನುವಾದಗಳೇ ಹೆಚ್ಚು. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ (ಅಂದರೆ ಲೇಖಕರೇ ಉಚಿತವಾಗಿ ಹಂಚಲು ಬಿಟ್ಟಿರುವ) ಹೊಸ ಅನುವಾದಗಳಿರುವ ಸಂಗ್ರಹ ಯಾರಿಗಾದರೂ ಗೊತ್ತೇ? ಮುಖ್ಯವಾಗಿ ಮೆಸೊಪೊಟೇಮಿಯಾ, ಈಜಿಪ್ಟ್ ಬೇಕು. ಇನ್ನೊಂದು: ಕೊಂಡಿಗಳು ಆಗಾಗ ಸತ್ತುಹೋಗುತ್ತವೆ. ನೀವು ಪಿಡಿಎಫ್ ಮಾಡಿಟ್ಟುಕೊಳ್ಳುತ್ತೀರಾ, ಇಂಟರ್ನೆಟ್ ಆರ್ಕೈವ್‌ನ ಪ್ರತಿ ಕೊಡುತ್ತೀರಾ? ಸೆಮಿಸ್ಟರ್ ಶುರುವಾಗಲು ಎರಡೇ ವಾರ ಇದೆ.