ಕವನ ಸಂಕಲನಕ್ಕೆ 38 ಸಾವಿರ ಕೇಳ್ತಿದಾರೆ, ಕೊಡಬಹುದಾ?

ಹೊಸಬಳು:
ಫೇಸ್‌ಬುಕ್ಕಲ್ಲಿ ನನ್ನ ಕವನ ನೋಡಿ ಒಬ್ರು ಪ್ರಕಾಶಕರು ವಾಟ್ಸಾಪಲ್ಲಿ ಬಂದ್ರು. 60 ಕವನದ ಹಸ್ತಪ್ರತಿ ಕಳ್ಸಿ ಅರ್ಧ ಗಂಟೆಗೆಲ್ಲ "ಅದ್ಭುತ ಮೇಡಂ, ಆಯ್ಕೆ ಆಗಿದೆ" ಅಂದ್ರು. ಪ್ಯಾಕೇಜ್ 38 ಸಾವಿರ, ಅದ್ರಲ್ಲಿ ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ನಂಬರ್ರು) 4 ಸಾವಿರ, ಕಾಪಿರೈಟ್‌ಗೆ 7 ಸಾವಿರ, 500 ಪ್ರತಿ, ಬಿಡುಗಡೆ ದಿನ ಒಂದು ಪ್ರಶಸ್ತಿನೂ ಕೊಡ್ತಾರಂತೆ. ಶುಕ್ರವಾರದೊಳಗೆ ಅಡ್ವಾನ್ಸ್ ಹಾಕಿದ್ರೆ ಡಿಸ್ಕೌಂಟು. ಮನೆಯವ್ರು ಬೇಡ ಅಂತಿದಾರೆ, ನಂಗೋ ಆಸೆ.

ಕರಡು ತಿದ್ದುವವ:
ತಡೀರಿ ಮೇಡಂ. ಐಎಸ್‌ಬಿಎನ್ ಪೂರ್ತಿ ಫ್ರೀ. ದೆಹಲಿಯ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಕೊಡೋದು, ಲೇಖಕರೇ ಆನ್‌ಲೈನಲ್ಲಿ ಅರ್ಜಿ ಹಾಕ್ಬಹುದು. ಕಾಪಿರೈಟ್ ಬರೆದಾಗ್ಲೇ ನಿಮ್ದಾಯ್ತು, ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದ್ರೂ ಸಾಹಿತ್ಯ ಕೃತಿಗೆ ಸರ್ಕಾರಿ ಫೀಸು 500 ರೂಪಾಯಿ. ಇನ್ನು ಅರ್ಧ ಗಂಟೇಲಿ 60 ಕವನ ಓದಿ ಆಯ್ಕೆ ಮಾಡೋರು ಯಾರಪ್ಪಾ!

ಅಟ್ಟದ ಮೇಲಿನ ಕವಿ:
ನಾನೂ ಬಿದ್ದಿದೀನಿ ಅಕ್ಕಾ ಈ ಹಳ್ಳಕ್ಕೆ. ಕೈಯಿಂದ ದುಡ್ಡು ಹಾಕಿ ಪುಸ್ತಕ ತರೋದು ತಪ್ಪು ಅಂತಲ್ಲ, ನಮ್ಮಲ್ಲಿ ಎಷ್ಟೋ ಸಂಕಲನ ಹಂಗೇ ಬರೋದು, ಆದ್ರೆ ಕೊಟ್ಟ ದುಡ್ಡಿಗೆ ಏನು ಬಂತು ಅನ್ನೋದು ಲೆಕ್ಕ. ನಂಗೂ 500 ಪ್ರತಿ ಅಂದಿದ್ರು, ಬಸ್ಸಲ್ಲಿ ಒಂದೇ ರಟ್ಟಿನ ಡಬ್ಬ ಬಂತು, ಎಣಿಸಿದ್ರೆ 84. ಉಳಿದಿದ್ದು ಅಂಗಡಿಗೆ ಹೋಗಿದೆ ಸರ್ ಅಂದ್ರು, ಬೆಂಗಳೂರಿಗೆ ಹೋದಾಗ ನಾಲ್ಕು ಅಂಗಡಿ ಸುತ್ತಿದೆ, ಪುಸ್ತಕದ ಹೆಸ್ರೇ ಯಾರೂ ಕೇಳಿಲ್ಲ. ಒಳಗಡೆ ನೋಡಿದ್ರೆ ನುಡಿ ಫಾಂಟಿಂದ ಯುನಿಕೋಡ್ ಫಾಂಟಿಗೆ ಹಾಕುವಾಗ ಅರ್ಕಾವತ್ತೆಲ್ಲ ಹಾರಿಹೋಗಿ "ವರ್ಷ" ಇದ್ದದ್ದು "ವಷ" ಆಗಿದೆ, ಮಳೆ ಮೇಲಿನ ಕವನ ಮಾರ್ರೆ ಅದು! ನೀವು ಪುಟ ಎಷ್ಟು, ಯಾವ ಪೇಪರ್ರು ಕೇಳ್ಕೊಂಡು ನಿಮ್ಮೂರಿನ ಪ್ರೆಸ್ಸಲ್ಲೇ ಒಂದು ಕೊಟೇಶನ್ ತಗೊಳ್ಳಿ, ವ್ಯತ್ಯಾಸ ಅಲ್ಲೇ ಗೊತ್ತಾಗತ್ತೆ.

ಕೋರ್ಟು ಕಚೇರಿ:
ಒಪ್ಪಂದ ಓದ್ದೆ ಸಹಿ ಹಾಕ್ಬೇಡಿ. "ಎಲ್ಲ ಹಕ್ಕೂ ಶಾಶ್ವತವಾಗಿ ಪ್ರಕಾಶಕರದ್ದು" ಅಂತಿದ್ರೆ ಹೊಡೆದುಹಾಕ್ಸಿ. 1957ರ ಕಾಪಿರೈಟ್ ಕಾಯ್ದೆ 19ನೇ ಸೆಕ್ಷನ್ ಪ್ರಕಾರ ಹಕ್ಕು ಬರವಣಿಗೇಲೇ ಕೊಡ್ಬೇಕು, ಅವಧಿ ಬರೀದೇ ಇದ್ರೆ 5 ವರ್ಷ ಅಂತ ಲೆಕ್ಕ. ಅಂದಹಾಗೆ ಮೊದಲ ಪುಸ್ತಕ ಅಂದ್ರೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಪ್ರಯತ್ನ ಮಾಡಿದ್ರಾ? ವಯಸ್ಸಿನ ಮಿತಿ ಇದೆ, ನೋಡ್ಕೊಳ್ಳಿ.

ಹೊಸಬಳು:
ಥ್ಯಾಂಕ್ಸ್ ಎಲ್ರಿಗೂ. ಐಎಸ್‌ಬಿಎನ್ ಫ್ರೀ ಅಲ್ವಾ ಸರ್ ಅಂತ ಈಗಷ್ಟೇ ಕೇಳ್ದೆ, "ಅದು ಪ್ರೊಸೆಸಿಂಗ್ ಚಾರ್ಜ್ ಮೇಡಂ" ಅಂದ್ರು. ಯಾವ ಪ್ರೆಸ್ಸಲ್ಲಿ ಪ್ರಿಂಟಾಗತ್ತೆ ಅಂದೆ. ಬ್ಲೂ ಟಿಕ್ ಬಂದು ಎರಡು ಗಂಟೆ ಆಯ್ತು.