ಸ್ಕ್ಯಾನ್ ರಿಪೋರ್ಟಿನ ಕನ್ನಡ: ‘ಇರಬಹುದು’, ‘ಇದ್ದೀತು’, ‘ಇರಲಿಕ್ಕಿಲ್ಲ’ – ಯಾವುದರ ತೂಕ ಎಷ್ಟು?

ಗೆಳೆಯರೇ,

ಒಂದು ಕೆಲಸದ ನಡುವೆ ಸಿಕ್ಕಿಕೊಂಡಿದ್ದೇನೆ. ನಿಮ್ಮ ಕಿವಿಯ ಸಹಾಯ ಬೇಕು. ನಿಘಂಟು ನೋಡಿ ಬಗೆಹರಿಯುವ ವಿಷಯ ಇದಲ್ಲ. ಯಾವ ಊರಿನಲ್ಲಿ ಯಾವ ಮಾತು ಹೇಗೆ ಕೇಳಿಸುತ್ತದೆ ಅನ್ನುವುದು ಗೊತ್ತಾಗಬೇಕು.

ಕೆಲವು ತಿಂಗಳಿಂದ ಒಂದು ಸ್ಕ್ಯಾನಿಂಗ್ ಸೆಂಟರಿಗೆ ಕನ್ನಡದ ಹಾಳೆಗಳನ್ನು ತಿದ್ದಿಕೊಡುತ್ತಿದ್ದೇನೆ. ಅಲ್ಲಿ ಎಕ್ಸ್‌ರೇ ತೆಗೆದ ಕೂಡಲೇ ಚಿತ್ರ ರೇಡಿಯಾಲಜಿಸ್ಟ್ (ಇಂಥ ಚಿತ್ರ ನೋಡಿ ರಿಪೋರ್ಟ್ ಕೊಡುವ ಡಾಕ್ಟರು) ಎದುರಿನ ಪರದೆಗೆ ಬರುತ್ತದೆ. ಜೊತೆಗೇ ಎಐ ಬರೆದ ಕರಡು ರಿಪೋರ್ಟೂ ಬಂದಿರುತ್ತದೆ, ಇಂಗ್ಲಿಷಿನಲ್ಲಿ. ಡಾಕ್ಟರು ಚಿತ್ರ ನೋಡಿ, ಕರಡು ತಿದ್ದಿ, ಸಹಿ ಹಾಕುತ್ತಾರೆ. ಆಮೇಲೆ ಅದೇ ರಿಪೋರ್ಟಿನಿಂದ ರೋಗಿಯ ಮನೆಯವರಿಗೆ ಅಂತ ಅರ್ಧ ಪುಟದ ಕನ್ನಡವನ್ನೂ ಯಂತ್ರವೇ ಬರೆಯುತ್ತದೆ. ಆ ಅರ್ಧ ಪುಟ ನನ್ನ ಕೈಗೆ ಬರುತ್ತದೆ.

ಯಂತ್ರ ಬೇಡ ಅನ್ನುವವನಲ್ಲ ನಾನು. ಅಮೆರಿಕದ ನಾರ್ತ್‌ವೆಸ್ಟರ್ನ್ ಮೆಡಿಸಿನ್ ಆಸ್ಪತ್ರೆಗಳಲ್ಲಿ ಸುಮಾರು 24,000 ಎಕ್ಸ್‌ರೇ ರಿಪೋರ್ಟುಗಳನ್ನು ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಎಐ ಕರಡು ಕೈಯಲ್ಲಿದ್ದಾಗ ಡಾಕ್ಟರು ರಿಪೋರ್ಟ್ ಬರೆಯುವ ಕೆಲಸ ಸರಾಸರಿ ಶೇ. 15.5ರಷ್ಟು ಚುರುಕಾಗಿತ್ತು. ಸಂಜೆ ಏಳರ ಹೊತ್ತಿಗೆ ಹೊರಗೆ ಬೆಂಚಿನ ಮೇಲೆ ರಿಪೋರ್ಟಿಗೆ ಕಾದು ಕೂತವರನ್ನು ನೋಡಿದರೆ ಅದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗುತ್ತದೆ.

ಹೆಸರುಪದಗಳ ಕಷ್ಟ ಬೇಗ ಮುಗಿಯಿತು. ಎಕ್ಸ್‌ರೇಗೆ ಕ್ಷಕಿರಣ ಅನ್ನುವ ಪದ ನನಗೆ ತುಂಬಾ ಇಷ್ಟ. 1895ರಲ್ಲಿ ರಾಂಟ್‌ಜನ್ ಅದು ಎಂಥ ಕಿರಣ ಅಂತ ಗೊತ್ತಿಲ್ಲದೆ ‘ಎಕ್ಸ್’ ಅಂತ ಕರೆದರು. ನಮ್ಮವರು ಲೆಕ್ಕದಲ್ಲಿ ಗೊತ್ತಿಲ್ಲದ್ದಕ್ಕೆ ಬಳಸುವ ‘ಕ್ಷ’ವನ್ನೇ ತಂದು ಕೂರಿಸಿದರು. ಆದರೆ ಹಾಳೆಯಲ್ಲಿ ‘ಎಕ್ಸ್‌ರೇ’ ಅಂತಲೇ ಬರೆಯುತ್ತೇನೆ. ಲಿವರ್, ಕಿಡ್ನಿ ಕೂಡ ಹಾಗೇ. ಯಕೃತ್ತು ಅಂದರೆ ಅರ್ಧ ಜನ ಹೊಟ್ಟೆಯ ಬೇರೆಲ್ಲೋ ಮುಟ್ಟಿ ತೋರಿಸುತ್ತಾರೆ. ಯಂತ್ರ ‘ಮಾಸ್’ ಅನ್ನುವುದನ್ನು ‘ದ್ರವ್ಯರಾಶಿ’ ಅಂತ ಬರೆದಿತ್ತು, ಭೌತಶಾಸ್ತ್ರದ ಪಾಠದಿಂದ ಎತ್ತಿಕೊಂಡು. ಅದನ್ನು ‘ಗಡ್ಡೆ’ ಮಾಡಿದೆ. ‘ಲೀಷನ್’ (ಮಾಮೂಲಿನಂತಿಲ್ಲದ ಜಾಗ) ಅನ್ನುವುದನ್ನು ‘ಗಾಯ’ ಅಂದಿತ್ತು. ಬಿದ್ದೂ ಇಲ್ಲ, ಪೆಟ್ಟೂ ಆಗಿಲ್ಲ, ಒಳಗೆ ಗಾಯ ಹೇಗೆ ಅಂತ ಒಬ್ಬರು ಕೇಳಿದರು. ಈಗ ಆಯಾ ಜಾಗಕ್ಕೆ ತಕ್ಕಂತೆ ‘ಕಲೆ’, ‘ಗುಳ್ಳೆ’, ‘ಗಂಟು’ ಅಂತ ಹಾಕುತ್ತೇವೆ. ಯಾವುದು ಅಂತ ಡಾಕ್ಟರೇ ಹೇಳುತ್ತಾರೆ.

‘ಅನ್‌ರಿಮಾರ್ಕಬಲ್’ ಸ್ವಲ್ಪ ಜಾಸ್ತಿ ಹೊತ್ತು ತಿಂದಿತು. ನನ್ನ ಚಿಕ್ಕಮ್ಮನ ಹೊಟ್ಟೆ ಸ್ಕ್ಯಾನಿನ ಹಾಳೆಯಲ್ಲಿ ‘ಪಿತ್ತಕೋಶ ಗಮನಾರ್ಹವಲ್ಲ’ ಅಂತ ಬಂದಿತ್ತು. ಆ ಹಾಳೆ ಬೇರೆ ಸೆಂಟರಿನದು. “ಅಂದ್ರೆ ಅದು ಕೆಲಸಕ್ಕೆ ಬಾರದ್ದು ಅಂತಾನಾ?” ಅಂತ ಕೇಳಿದರು. ಎರಡು ದಿನ ಊಟ ಸೇರಿರಲಿಲ್ಲ ಅವರಿಗೆ. ‘ಸರಿಯಾಗಿದೆ’ ಅಂತ ಬರೆದರೆ ಮುಗಿಯಿತಲ್ಲ ಅಂತ ನಾನು ಅಂದುಕೊಂಡಿದ್ದೆ. ಸೆಂಟರಿನ ಡಾಕ್ಟರು ಒಪ್ಪಲಿಲ್ಲ. “ಪಿತ್ತಕೋಶ ಸರಿಯಾಗಿದೆ ಅಂತ ನಾನು ಹೇಳ್ತಿಲ್ಲ. ಈ ಸ್ಕ್ಯಾನಿನಲ್ಲಿ ಕಂಡಷ್ಟರಲ್ಲಿ ತೊಂದರೆ ಇಲ್ಲ, ಅಷ್ಟೇ ನನ್ನ ಮಾತು” ಅಂದರು. ಅವರ ಬಾಯಿಂದಲೇ ಪದ ಸಿಕ್ಕಿತು: ಕಂಡಷ್ಟರಲ್ಲಿ. ಈಗ ನಮ್ಮ ಹಾಳೆಯಲ್ಲಿ ‘ಕಂಡಷ್ಟರಲ್ಲಿ ತೊಂದರೆ ಇಲ್ಲ’ ಅಂತಲೇ ಇರುತ್ತದೆ. ‘ನೋ ಎವಿಡೆನ್ಸ್ ಆಫ್’ ಅನ್ನುವುದಕ್ಕೆ ಯಂತ್ರ ಬರೆಯುವ ‘ಪುರಾವೆ ಇಲ್ಲ’ ಅನ್ನುವ ಕೋರ್ಟಿನ ಮಾತಿನ ಬದಲು ‘ಕಾಣಲಿಲ್ಲ’. ಇಲ್ಲ ಅನ್ನುವುದು ಬೇರೆ, ಕಾಣಲಿಲ್ಲ ಅನ್ನುವುದು ಬೇರೆ. ಆ ಅಂತರವನ್ನು ಕನ್ನಡ ಸಲೀಸಾಗಿ ಹೇಳುತ್ತದೆ.

ರಿಪೋರ್ಟಿನ ಕೊನೆಯಲ್ಲಿ ‘ಇಂಪ್ರೆಷನ್’ ಅಂತ ಒಂದು ಭಾಗ ಇರುತ್ತದೆ. ಡಾಕ್ಟರು ಒಟ್ಟು ನೋಡಿ ಏನು ಅಂದುಕೊಂಡರು ಅನ್ನುವುದು. ಇದಕ್ಕೆ ‘ಅನಿಸಿಕೆ’ ಒಳ್ಳೆಯ ಪದ ಅನ್ನಿಸಿತು. ಆಮೇಲೆ ಒಂದು ವಿಷಯ ಹೊಳೆಯಿತು. ಕನ್ನಡದಲ್ಲಿ ಸುಮ್ನೆ ಅನಿಸುವುದಿಲ್ಲ, ಯಾರಿಗಾದರೂ ಅನಿಸಬೇಕು. ನನಗೆ ಅನಿಸುತ್ತದೆ, ಡಾಕ್ಟರಿಗೆ ಅನಿಸಿದೆ. ಆ ‘ಗೆ’, ‘ಇಗೆ’ ಬಾಯಲ್ಲಿ ಬರದಿದ್ದರೂ ಅರ್ಥದಲ್ಲಿ ಇದ್ದೇ ಇರುತ್ತದೆ. ಹಾಗಾದರೆ ಯಂತ್ರದ ಕರಡಿನಲ್ಲಿರುವ ಅನಿಸಿಕೆ ಯಾರಿಗೆ ಅನಿಸಿದ್ದು? ಯಾರಿಗೂ ಇಲ್ಲ. ಅದಕ್ಕೇ ಸಹಿ ಬೀಳುವ ತನಕ ಆ ಭಾಗಕ್ಕೆ ‘ಕರಡು’ ಅಂತ ಹೆಸರಿಟ್ಟಿದ್ದೇವೆ. ಸಹಿ ಬಿದ್ದ ಮೇಲೆ ‘ಡಾಕ್ಟರ ಅನಿಸಿಕೆ’. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಯಂತ್ರ ಇಲ್ಲದ್ದನ್ನು ಇದೆ ಅಂತ ಬರೆಯುವುದಕ್ಕೆ ಇಂಗ್ಲಿಷಿನಲ್ಲಿ ‘ಹ್ಯಾಲುಸಿನೇಷನ್’ ಅನ್ನುತ್ತಾರೆ. ಪತ್ರಿಕೆಗಳು ಅದನ್ನು ‘ಭ್ರಮೆ’ ಅನ್ನುತ್ತಿವೆ. ಆಸ್ಪತ್ರೆಯಲ್ಲಿ ಭ್ರಮೆ ಅಂದರೆ ರೋಗಿಯದು ಅಂತಾಗುತ್ತದೆ. ನಾವು ನಮ್ಮೊಳಗೆ ‘ಇಲ್ಲದ ಮಾತು’ ಅನ್ನುತ್ತೇವೆ.

ಆ ಇಲ್ಲದ ಮಾತು ಎಲ್ಲಿ ಅಡಗಿ ಕೂರುತ್ತದೆ ಅನ್ನುವುದು ನನ್ನನ್ನು ಬೆಚ್ಚಿಬೀಳಿಸಿತು. ಒಬ್ಬ ಹುಡುಗ, ಜೀವನದಲ್ಲಿ ಮೊದಲ ಸಲ ಎದೆಯ ಎಕ್ಸ್‌ರೇ ತೆಗೆಸಿಕೊಂಡವನು. ಕರಡಿನಲ್ಲಿ ‘ಹಿಂದಿನ ಚಿತ್ರಕ್ಕೆ ಹೋಲಿಸಿದರೆ ಬದಲಾವಣೆ ಇಲ್ಲ’ ಅಂತ ಇತ್ತು. ಹಿಂದಿನ ಚಿತ್ರವೇ ಇಲ್ಲ! ಡಾಕ್ಟರು ಆ ಸಾಲು ಹೊಡೆದುಹಾಕಿದರು. ಕನ್ನಡದ ಹಾಳೆ ನನಗೆ ಬಂದಾಗ ಒಂದು ಸಾಲು ಹೀಗಿತ್ತು: ‘ಎಡಗಡೆ ಕೆಳಗೆ ಸ್ವಲ್ಪ ನೀರು ಇನ್ನೂ ಇದೆ.’ ಎರಡು ಸಲ ಓದಿದ ಮೇಲೆ ‘ಇನ್ನೂ’ ಕಣ್ಣಿಗೆ ಬಿತ್ತು. ಇನ್ನೂ ಅಂದರೆ ಮುಂಚೆ ಇತ್ತು, ಹೋಗಬೇಕಿತ್ತು, ಹೋಗಿಲ್ಲ ಅಂತ. ಎರಡಕ್ಷರದಲ್ಲಿ ಒಂದು ಇಡೀ ಹಳೆಯ ಕಾಯಿಲೆಯನ್ನು ಆ ಹುಡುಗನ ತಲೆಗೆ ಕಟ್ಟಿದಂತಾಯಿತು. ಅವನ ತಾಯಿ ಓದಿದ್ದರೆ “ನನಗೆ ಯಾಕೆ ಮುಂಚೆಯೇ ಹೇಳಲಿಲ್ಲ?” ಅಂತ ಅವನನ್ನೇ ಗದರುತ್ತಿದ್ದರು, ಅಲ್ವಾ?

ಇದು ಎಲ್ಲಿಂದ ಬರುತ್ತದೆ ಅಂತ ಕೇಳಿ ತಿಳಿದುಕೊಂಡೆ. ಇಂಥ ಯಂತ್ರಗಳು ಕಲಿತದ್ದು ಹಳೆಯ ರಿಪೋರ್ಟುಗಳಿಂದ. ಅವುಗಳಲ್ಲಿ ಹೆಸರಾಂತ ಸಂಗ್ರಹ ಅಂದರೆ ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕೋನೆಸ್ ಆಸ್ಪತ್ರೆಯಿಂದ ಬಂದ ‘ಮಿಮಿಕ್-ಸಿಎಕ್ಸ್‌ಆರ್’. ಹೆಸರು, ಗುರುತು ಅಳಿಸಿದ 2,27,835 ರಿಪೋರ್ಟುಗಳು, 3,77,110 ಎದೆಯ ಎಕ್ಸ್‌ರೇ ಚಿತ್ರಗಳು ಅದರಲ್ಲಿವೆ. ಅವನ್ನು ಬರೆದ ಡಾಕ್ಟರು ಪಕ್ಕದಲ್ಲಿ ಹಳೆಯ ಚಿತ್ರ ಇಟ್ಟುಕೊಂಡು ‘ಮುಂಚಿಗಿಂತ ಕಡಿಮೆ’, ‘ಹಾಗೇ ಇದೆ’, ‘ಹೊಸದಾಗಿ ಕಾಣುತ್ತಿದೆ’ ಅಂತ ಬರೆದರು. ಯಂತ್ರಕ್ಕೆ ತೋರಿಸಿದ್ದು ಒಂದೇ ಚಿತ್ರ. ಮಾತು ಕಲಿಯಿತು, ಮಾತಿನ ಹಿಂದಿದ್ದ ಇನ್ನೊಂದು ಚಿತ್ರ ಅದಕ್ಕೆ ಸಿಗಲಿಲ್ಲ. 2022ರಲ್ಲಿ ಕೆಲವು ಸಂಶೋಧಕರು ಈ ತೊಂದರೆಗೆ ಅಂತಲೇ ಆ ಸಂಗ್ರಹದಿಂದ ಹಿಂದಿನ ಚಿತ್ರದ ಮಾತುಗಳನ್ನೆಲ್ಲ ಕಿತ್ತು, ಮತ್ತೆ ಕಲಿಸಿ ನೋಡಿದ್ದಾರೆ.

ಹಾಗಾಗಿ ಕನ್ನಡದಲ್ಲಿ ಹೀಗೆ ಹಳೆಯದನ್ನು ಒಳಗೇ ಇಟ್ಟುಕೊಂಡ ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದೇನೆ: ಇನ್ನೂ, ಮತ್ತೆ, ಹಾಗೇ, ಈಗ, ಈಗಲೂ, ಉಳಿದ, ಮರಳಿ, ತುಸು ಇಳಿದಿದೆ, ‘-ತೊಡಗಿದೆ’, ‘-ತ್ತಾ ಬಂದಿದೆ’. ‘ಈಗ ನೀರಿಲ್ಲ’ ಅನ್ನುವುದು ಕೂಡ ಮುಂಚೆ ಇತ್ತು ಅನ್ನುವ ಹಾಗೆ ಕೇಳಿಸುತ್ತದೆ ನೋಡಿ. ಈ ಪಟ್ಟಿಗೆ ನಿಮಗೆ ಹೊಳೆದದ್ದನ್ನು ಸೇರಿಸಿ. ಕ್ರಿಯಾಪದದ ಬಾಲದಲ್ಲಿ ಇರುವವು ನನ್ನ ಕಣ್ಣು ತಪ್ಪಿಸುತ್ತಿವೆ.

ಈಗ ನಿಜವಾದ ಪ್ರಶ್ನೆ. ‘ಕೆನಾಟ್ ಬಿ ರೂಲ್ಡ್ ಔಟ್’ ಅಂತ ಡಾಕ್ಟರು ಬರೆಯುತ್ತಾರೆ. ಇರುವ ಸಾಧ್ಯತೆ ಕಡಿಮೆ, ಆದರೆ ಬಿಟ್ಟುಬಿಡುವ ಹಾಗಿಲ್ಲ ಅಂತ. ಯಂತ್ರದ ಕನ್ನಡ: ‘ತಳ್ಳಿಹಾಕಲಾಗದು’. ಇದು ಚುನಾವಣೆ ಸುದ್ದಿಯಲ್ಲಿ ಬರುವ ಮಾತು. ಅಲ್ಲಿ ಅದನ್ನು ಓದಿದರೆ ‘ಆಗೇ ಆಗುತ್ತದೆ’ ಅನ್ನಿಸುತ್ತದೆ. ‘ಇಲ್ಲವೆಂದು ಹೇಳಲಾಗುವುದಿಲ್ಲ’ ಅಂತ ಬರೆದರೆ ಎರಡು ಇಲ್ಲಗಳಲ್ಲಿ ಒಂದನ್ನು ಓದುವವರು ನುಂಗುತ್ತಾರೆ. ಗಾಬರಿಯಲ್ಲಿ ಓದುವವರು, ಪಾಪ.

‘ಇರಬಹುದು’ ಸಾಕಲ್ಲ ಅನ್ನುತ್ತೀರಿ. ಸಾಲದು. ಕೆಟ್ಟ ಸುದ್ದಿಯನ್ನು ಮೆತ್ತಗೆ ಹೇಳುವಾಗ ನಾವೆಲ್ಲ ‘ಇರಬಹುದು’ ಅನ್ನುತ್ತೇವೆ. ಡಾಕ್ಟರು “ಸ್ವಲ್ಪ ಇರಬಹುದು” ಅಂದರೆ ಮನೆಯವರು ‘ಇದೆ’ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ‘ಬಹುಶಃ’ ಕೂಡ ಸಡಿಲ. ಸ್ತನದ ಸ್ಕ್ಯಾನಿಗೆ ಅಮೆರಿಕದ ರೇಡಿಯಾಲಜಿಸ್ಟರ ಸಂಘ ಮಾಡಿಕೊಟ್ಟ ‘ಬೈ-ರಾಡ್ಸ್’ ಅನ್ನುವ ಅಳತೆ ಇದೆ, 0ರಿಂದ 6ರ ತನಕ. ಅದರಲ್ಲಿ 3 ಅಂದರೆ ‘ಬಹುಶಃ ಅಪಾಯವಿಲ್ಲದ್ದು’, ಕ್ಯಾನ್ಸರ್ ಇರುವ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ. ಅವರ ಆ ‘ಬಹುಶಃ’ 100ಕ್ಕೆ 98ರಷ್ಟು ಗಟ್ಟಿ. ನಮ್ಮ ‘ಬಹುಶಃ ನಾಳೆ ಬರ್ತೀನಿ’ ಎಷ್ಟು ಗಟ್ಟಿ? ನಂಬಿ ಅಡುಗೆ ಮಾಡುವಷ್ಟೂ ಇಲ್ಲ.

ಆಗ ಶಾಲೆಯ ವ್ಯಾಕರಣದ ಸಂಭಾವನಾರ್ಥಕ ನೆನಪಾಯಿತು. ಬಂದಾನು, ಬಿದ್ದೀತು, ಇದ್ದೀತು. ಸಾಧ್ಯತೆಗೆ ಅಂತಲೇ ಕನ್ನಡ ಇಟ್ಟುಕೊಂಡ ರೂಪ ಇದು. ಇದರಲ್ಲಿ ಎಚ್ಚರಿಕೆಯ ಒಂದು ಎಳೆ ಇದೆ. ಅಜ್ಜಿ ಹಿತ್ತಿಲಿಗೆ ಹೋಗುವ ಮಗುವಿಗೆ “ಹಾವು ಇದ್ದೀತು, ನೋಡ್ಕೊಂಡು ಹೋಗು” ಅನ್ನುತ್ತಾರೆ. ಹಾವು ಇದೆ ಅಂತ ಅಜ್ಜಿ ಹೇಳುತ್ತಿಲ್ಲ. ಇರಲಿಕ್ಕಿಲ್ಲ ಅಂತಲೂ ಬಿಡುತ್ತಿಲ್ಲ. ಕಾಲು ನೋಡಿ ಇಡು ಅನ್ನುತ್ತಿದ್ದಾರೆ. ಡಾಕ್ಟರ ‘ಕೆನಾಟ್ ಬಿ ರೂಲ್ಡ್ ಔಟ್’ ಮಾತಿನ ಅರ್ಥ ಪೂರ್ತಿ ಇದೇ. ‘ಚಿಕ್ಕ ಗಂಟು ಇದ್ದೀತು, ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿ.’ ನನ್ನ ಕಿವಿಗೆ ಇದು ಸರಿಯಾಗಿ ಕೂರುತ್ತದೆ. ಸೆಂಟರಿನ ರಿಸೆಪ್ಷನ್ನಿನ ಹುಡುಗಿಗೆ, ಬೆಂಗಳೂರಿನಲ್ಲೇ ಬೆಳೆದವಳು, ಇದು ಹಳೇ ಪುಸ್ತಕದ ಭಾಷೆ ಅನ್ನಿಸಿತು. ಅವಳ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾಳೆ ಓದುವವರಲ್ಲಿ ಅವಳ ವಯಸ್ಸಿನವರೇ ಜಾಸ್ತಿ. ಅಪ್ಪ ಅಮ್ಮನಿಗೆ ಓದಿ ಹೇಳುವವರು ಅವರೇ.

ನಾನು ಹಾಕಿಕೊಂಡ ಮೆಟ್ಟಿಲು ಮೇಲಿನಿಂದ ಕೆಳಕ್ಕೆ ಹೀಗಿದೆ: ಇದೆ, ಇರಲಿಕ್ಕೆ ಸಾಕು, ಇರಬಹುದು, ಇದ್ದೀತು, ಇರಲಿಕ್ಕಿಲ್ಲ, ಕಾಣಲಿಲ್ಲ. ‘ಇಲ್ಲ’ ಅನ್ನುವುದನ್ನು ಬೇಕೆಂದೇ ಕೈಬಿಟ್ಟಿದ್ದೇನೆ. ಇದನ್ನು ಯಂತ್ರ ಮಾಡುವವರಿಗೂ ಕೊಡಬೇಕು. ಸ್ಟ್ಯಾನ್‌ಫರ್ಡಿನ ‘ಚೆಕ್ಸ್‌ಪರ್ಟ್’ ಅನ್ನುವ ಎದೆಯ ಎಕ್ಸ್‌ರೇ ಸಂಗ್ರಹ ಬಂದಾಗ, 2019ರಲ್ಲಿ, ರಿಪೋರ್ಟಿನಲ್ಲಿ ಹೇಳಿದ್ದನ್ನು ‘ಇದೆ’, ‘ಇಲ್ಲ’, ‘ಖಚಿತವಿಲ್ಲ’ ಅಂತ ಮೂರಾಗಿ ವಿಂಗಡಿಸಿದರು. ಆ ಮೂರನೆಯ ಡಬ್ಬಿಯೊಳಗೆ ನಮ್ಮ ನಾಲ್ಕು ಮೆಟ್ಟಿಲು ಒಟ್ಟಿಗೆ ಬೀಳುತ್ತವೆ. ಕನ್ನಡದ ಹಾಳೆಯಲ್ಲಾದರೂ ಅವು ಬೇರೆ ಬೇರೆ ಉಳಿಯಬೇಕು ಅನ್ನುವುದು ನನ್ನ ಆಸೆ.

ಮಂಗಳೂರು, ಉಡುಪಿ ಕಡೆಯವರೇ, ‘ಇರಲಿಕ್ಕೆ ಸಾಕು’ ನಿಮ್ಮಲ್ಲಿ ‘ಇರಬಹುದು’ಗಿಂತ ಗಟ್ಟಿಯೇ, ಎರಡೂ ಒಂದೆಯೇ? ಧಾರವಾಡ, ಕಲಬುರಗಿ ಕಡೆಯವರು ‘ಇದ್ದೀತು’ ಇವತ್ತಿಗೂ ದಿನಾ ಆಡುತ್ತೀರಾ? ಆಡುವುದಾದರೆ ಅದರಲ್ಲಿ ಹೆದರಿಕೆ ಎಷ್ಟು ಕೇಳಿಸುತ್ತದೆ? ಮೈಸೂರು, ಮಂಡ್ಯದ ಮನೆಗಳಲ್ಲಿ ಅರವತ್ತು ದಾಟಿದವರಿಗೆ ‘ಗಂಟು ಇರಲಿಕ್ಕಿಲ್ಲ’ ಅಂತ ಓದಿ ಹೇಳಿ, ಅವರು ಸ್ಕ್ಯಾನಿಗೆ ಮತ್ತೆ ಹೋಗುತ್ತಾರೋ ಇಲ್ಲವೋ ಕೇಳಿ ಬರೆಯುತ್ತೀರಾ? ಮುಂದಿನ ಕಟ್ಟು ಹಾಳೆಗಳು ಸೋಮವಾರ ಬರುತ್ತವೆ.